ಪೀಕಿನ ಪೀಡೆಯ ಸುದ್ದಿ ಊರಿನ ಸೊತ್ತಾಗಬೇಕು

ಹೊಲದಲ್ಲಿ ಹುಳ ಬಿದ್ದಿರುವದನ್ನು ಕಂಡ ರೈತನು ಮೊಟ್ಟಮೊದಲು ಮಾಡುವ ಕೆಲಸವು ಯಾವದು? ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಈ ಮೂರು ತಾಲೂಕುಗಳ ಹೊಲಗದ್ದೆಗಳನ್ನು ಬಲ್ಲವರೆಲ್ಲರೂ ಇದಕ್ಕೆ ಒಂದೇ ಉತ್ತರವನ್ನು ಕೊಡುವರು: ಆತನು ಅದನ್ನು ಮುಚ್ಚಿಡುವನು. ಬೀಜದ ಪ್ಲಾಟು ಮಾಡಿದವನಿಗೆ ಕಂಪನಿಯವರು ಬೀಜವನ್ನು ತಿರುಗಿ ಕಳಿಸಿಯಾರೆಂಬ ಅಂಜಿಕೆ. ಲಾವಣಿಗೆ ಹೊಲ ಹಿಡಿದವನಿಗೆ ಬರುವ ವರ್ಷ ಹೊಲವು ಕೈಬಿಟ್ಟೀತೆಂಬ ಅಂಜಿಕೆ. ಮೆಣಸಿನಕಾಯಿ ಬೆಳೆದವನಿಗೆ ದರ ಇಳಿದೀತೆಂಬ ಅಂಜಿಕೆ. ಇವಾವವೂ ಇಲ್ಲದವನಿಗೆ, "ಇವನ ಒಕ್ಕಲುತನ ಇಷ್ಟೇ" ಎಂದು ನೆರೆಹೊಲದವರು ಆಡಿಕೊಂಡಾರೆಂಬ ನಾಚಿಕೆ. ಆದಕಾರಣ ಆತನು ಹೊತ್ತು ಮುಳುಗುವ ಸಮಯಕ್ಕೆ ಪೇಟೆಗೆ ಹೋಗಿ, ಅಂಗಡಿಯವನು ಕೊಟ್ಟ ಔಷಧವನ್ನು ತಂದು ಸದ್ದಿಲ್ಲದೆ ಸಿಂಪಡಿಸುವನು. ಎಂಟು ದಿನಗಳ ಮೇಲೆ ಅದೇ ಹುಳವು ಬದುವಿನಾಚೆಯ ಹೊಲದಲ್ಲಿ ಕಾಣುವದು. ಆ ಹೊಲದವನೂ ಹಾಗೆಯೇ ಮಾಡುವನು. ಹೀಗೆ ತಿಂಗಳೊಪ್ಪತ್ತಿನಲ್ಲಿ ಊರಿನ ಎಲ್ಲ ಹೊಲಗಳಲ್ಲಿಯೂ ಹುಳವಿರುವದು, ಎಲ್ಲರ ಮನಸ್ಸಿನಲ್ಲಿಯೂ ಅದರ ಸುದ್ದಿಯಿರುವದು, ಆದರೆ ಊರಿನ ಬಾಯಿಯಲ್ಲಿ ಮಾತ್ರ ಇರುವದಿಲ್ಲ.

ಪೂರ್ವದಲ್ಲಿ ಕಂದಾಯದ ಕಂತಿಗೆ ಡಂಗುರವಿತ್ತು, ಜಾತ್ರೆಗೆ ಡಂಗುರವಿತ್ತು, ಕೆರೆಯ ತೂಬು ತೆಗೆಯುವದಕ್ಕೂ ಡಂಗುರವಿತ್ತು. ಪೀಕಿನ ಪೀಡೆಗೆ ಮಾತ್ರ ಡಂಗುರವಿರಲಿಲ್ಲ; ಇಂದಿಗೂ ಇಲ್ಲ. ಆ ಡಂಗುರವನ್ನು ಈಗ ಏರ್ಪಡಿಸುವದು ಅವಶ್ಯವೆಂದೂ, ಅದನ್ನು ಏರ್ಪಡಿಸತಕ್ಕವರು ಸರಕಾರದ ನೌಕರರಿಗಿಂತ ಮೊದಲು ಗ್ರಾಮದ ಹಿರಿಯರೂ ಹೊಲದ ಒಡೆಯರೂ ಎಂದೂ ನಮ್ಮ ಅಭಿಪ್ರಾಯವಿರುವದು. ಇದಕ್ಕೆ ಕಾರಣಗಳನ್ನು ನಮ್ಮ ಸೀಮೆಯ ಮೂರು ಮುಖ್ಯ ಪೀಕುಗಳಿಂದಲೇ ತೋರಿಸುವೆವು.

ಮೊದಲನೆಯದು ಗೋವಿನಜೋಳ. ಅಮೇರಿಕ ಖಂಡದ ಸೈನಿಕ ಹುಳವು 2016ರಲ್ಲಿ ಆಫ್ರಿಕದಲ್ಲಿ ಕಾಣಿಸಿಕೊಂಡು, 2018ನೆಯ ಮೇ ತಿಂಗಳಲ್ಲಿ ಭಾರತದಲ್ಲಿ ಪ್ರಥಮತಃ ನಮ್ಮ ನೆರೆಯ ಶಿವಮೊಗ್ಗೆಯ ಗೋವಿನಜೋಳದಲ್ಲಿ ಗುರುತಿಸಲ್ಪಟ್ಟಿತು. ಇದರ ತಲೆಯ ಮೇಲೆ ತಲೆಕೆಳಗಾದ ಕವೆಗೋಲಿನಂಥ ಬಿಳಿಯ ಗೆರೆಯೂ, ಬಾಲದ ಸಮೀಪದಲ್ಲಿ ಚೌಕಾಕಾರವಾಗಿ ನಾಲ್ಕು ಕಪ್ಪು ಚುಕ್ಕೆಗಳೂ ಇರುವವು. ಒಂದು ಹೆಣ್ಣು ಪತಂಗವು ತನ್ನ ಆಯುಷ್ಯದಲ್ಲಿ ಸಾವಿರಕ್ಕೂ ಮಿಕ್ಕಿ ಮೊಟ್ಟೆಗಳನ್ನಿಡುವದು. ನೂರು ಇನ್ನೂರರ ಗುಂಪಾಗಿಟ್ಟು ಮೇಲೆ ಕೂದಲಿನಂಥ ಹೊದಿಕೆಯನ್ನು ಹೊದಿಸುವದು. ಎರಡು ಮೂರು ದಿವಸಗಳಲ್ಲಿ ಮರಿಗಳು ಹೊರಬಿದ್ದು ಎಲೆಯ ಹಸಿರನ್ನು ಕೆರೆದು ತಿನ್ನುವದರಿಂದ ಎಲೆಯ ಮೇಲೆ ಕಾಗದದಂಥ ಬಿಳಿಯ ಕಲೆಗಳು ಬೀಳುವವು. ಈ ಕಾಲದಲ್ಲಿ ಬೇವಿನ ಬೀಜದ ಕಷಾಯವೇ ಬಹುಮಟ್ಟಿಗೆ ಸಾಕಾಗುವದು. ಆ ಬಳಿಕ ಹುಳವು ಸುಳಿಯೊಳಗೆ ಇಳಿದು, ತನ್ನ ಹಿಕ್ಕೆಯನ್ನೇ ಬಾಗಿಲಿಗೆ ಮುಚ್ಚಳ ಮಾಡಿಕೊಂಡು ಕೂಡ್ರುವದು. ಆಗ ಬೆಲೆಯುಳ್ಳ ಔಷಧವನ್ನು ಹೊಡೆದರೂ ಅದು ಎಲೆಯ ಮೇಲೆ ಒಣಗುವದೇ ಹೊರತು ಹುಳವನ್ನು ಮುಟ್ಟಲಾರದು.

ಇಲ್ಲಿ ವಾಚಕರು ಲಕ್ಷ್ಯವಿಡತಕ್ಕ ಸಂಗತಿ ಒಂದಿದೆ. ಬೇವಿನ ಕಷಾಯದಿಂದ ಹೋಗುವ ಹುಳಕ್ಕೂ ಯಾವದರಿಂದಲೂ ಸುಲಭವಾಗಿ ಹೋಗದ ಹುಳಕ್ಕೂ ನಡುವೆ ಇರುವ ಅಂತರವು ಏಳೆಂಟು ದಿವಸ ಮಾತ್ರ. ಮೊದಲು ಕಂಡವನು ಸುದ್ದಿಯನ್ನು ಮುಚ್ಚಿಟ್ಟ ಕಾಲವೂ ಸರಿಯಾಗಿ ಅಷ್ಟೇ. ಉಗುರಿನಿಂದ ಹೋಗುವದಕ್ಕೆ ಕೊಡಲಿ ಬೇಕಾಗುವದು ಈ ಎಂಟು ದಿನಗಳ ಮೌನದ ಮೂಲಕ. ಬೇಲಿಯನ್ನು ಹಾಕಿ ಇದನ್ನು ತಡೆಯುವೆವೆಂದರೆ ಆಗದ ಮಾತು. ಗಾಳಿಯ ಅನುಕೂಲವಿದ್ದರೆ ಈ ಪತಂಗವು ಒಂದು ರಾತ್ರಿಯಲ್ಲಿ ನೂರು ಕಿಲೋಮೀಟರು ಹಾರಬಲ್ಲದು. ಊರಿಗೆ ಬಂದವಳು ನೀರಿಗೆ ಬಾರದಿರುವಳೆ? ಒಬ್ಬನ ಸುಳಿಗೆ ಬಂದ ಹುಳವು ಇನ್ನೊಬ್ಬನ ಸುಳಿಗೆ ಬಾರದೆ ಇರದು.

ಎರಡನೆಯದು ಮೆಣಸಿನಕಾಯಿ. 2011ರಲ್ಲಿ ಭೌಗೋಲಿಕ ಗುರುತಿನ ಮಾನ್ಯತೆಯನ್ನು ಪಡೆದ ನಮ್ಮ ಬ್ಯಾಡಗಿ ಮೆಣಸಿನಕಾಯಿಯು ಖಾರಕ್ಕಿಂತ ಬಣ್ಣಕ್ಕೆ ಹೆಸರಾದದ್ದು; ಆ ಬಣ್ಣವನ್ನು ತೆಗೆಯುವ ಕಾರಖಾನೆಗಳವರು ಅದನ್ನು ಹುಡುಕಿಕೊಂಡು ಬರುವರು. ಈ ಗಿಡಕ್ಕೆ ಬರುವ ಮುರುಟು ರೋಗವನ್ನು ಅರಿಯದ ರೈತನಿಲ್ಲ. ಆದರೆ ಮುರುಟು ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಪೀಡೆಗಳು ಅಡಗಿವೆ. ಎಲೆಯ ಅಂಚು ದೋಣಿಯಂತೆ ಮೇಲಕ್ಕೆ ಮಡಚಿದರೆ ಅದು ಥ್ರಿಪ್ಸ್ ಎಂಬ ನುಸಿಯ ಕೆಲಸ. ಎಲೆಯು ಬೋರಲು ಹಾಕಿದ ದೋಣಿಯಂತೆ ಕೆಳಕ್ಕೆ ಬಾಗಿ, ಅದರ ತೊಟ್ಟು ಉದ್ದವಾದರೆ ಅದು ಮೈಟ್ ಎಂಬ ಕಣ್ಣಿಗೆ ಕಾಣದ ಇನ್ನೊಂದು ನುಸಿಯ ಕೆಲಸ. ಗಿಡವೇ ಗಿಡ್ಡಾಗಿ, ಎಲೆಗಳು ಸಣ್ಣವಾಗಿ ಸುರುಳಿಗೊಂಡರೆ ಬಿಳಿನೊಣವು ಹರಡುವ ನಂಜುರೋಗವೆಂದು ಸಂಶಯಪಡಬೇಕು. ಗಂಧಕವು ಮೈಟ್ ನುಸಿಗೆ ಔಷಧ. ಥ್ರಿಪ್ಸಿಗೆ ಅದರಿಂದ ಹೇಳತಕ್ಕ ಪರಿಣಾಮವಿಲ್ಲ. ಥ್ರಿಪ್ಸಿಗೆಂದು ಹೊಡೆಯುವ ಕೆಲವು ಔಷಧಗಳಿಂದ ಮೈಟ್ ನುಸಿಯು ಮತ್ತಷ್ಟು ಹೆಚ್ಚುವದೂ ಉಂಟು. ನಂಜು ಹತ್ತಿದ ಗಿಡಕ್ಕಂತೂ ಔಷಧವೇ ಇಲ್ಲ. ಅದನ್ನು ಕಿತ್ತು ನಾಶಮಾಡತಕ್ಕದ್ದು. ಹೀಗಿರಲು "ಅವನ ಹೊಲಕ್ಕೆ ಮುರುಟು ಬಂದಿದೆ, ಇಂಥ ಬಾಟಲಿ ಹೊಡೆದಿದ್ದಾನೆ" ಎಂಬ ಅರ್ಧ ಸುದ್ದಿಯನ್ನು ಕೇಳಿ ಅದೇ ಬಾಟಲಿಯನ್ನು ತಂದವನು ಹಣವನ್ನೂ ಕಳಕೊಳ್ಳುವನು, ಗಿಡವನ್ನೂ ಕಳಕೊಳ್ಳುವನು. ಬೇಡದ ಔಷಧದ ಅಂಶವು ಕಾಯಿಯಲ್ಲಿ ಉಳಿದರೆ ಪರದೇಶದ ಕೊಳ್ಳುವವರು ಮಾಲನ್ನು ನಿರಾಕರಿಸುವದೂ ಉಂಟು. ಆದ್ದರಿಂದ ಸುದ್ದಿಯು ಬೇಗನೆ ಬಂದರೆ ಸಾಲದು, ಗುರುತಿನೊಡನೆ ಬರಬೇಕು.

ಹೊಸ ಪೀಡೆಗಳ ಸಂಬಂಧದಲ್ಲಿ ಈ ಮಾತು ಇನ್ನೂ ಹೆಚ್ಚು ಸತ್ಯವಾದದ್ದು. ಹೂವಿನೊಳಗೆ ಗುಂಪಾಗಿ ಸೇರಿ ಹೂವನ್ನೇ ಉದುರಿಸುವ ಕಪ್ಪು ಥ್ರಿಪ್ಸ್ 2015ರಲ್ಲಿ ಬೆಂಗಳೂರಿನ ಪಪ್ಪಾಯಿಯಲ್ಲಿ ಗುರುತಿಸಲ್ಪಟ್ಟು, 2021ರಲ್ಲಿ ಆಂಧ್ರ ತೆಲಂಗಾಣಗಳ ಮೆಣಸಿನ ಹೊಲಗಳನ್ನು ಹಾಳುಮಾಡಿತು. ಆ ಸೀಮೆಯ ಕಾಯಿಯೂ ಬಳ್ಳಾರಿ ರಾಯಚೂರುಗಳ ಕಾಯಿಯೂ ಬ್ಯಾಡಗಿಯ ಪೇಟೆಗೆ ಬರುವವು. ಪೇಟೆಯ ದಿವಸ ದೂರದೂರಿನ ರೈತರು ಚಹದ ಅಂಗಡಿಯಲ್ಲಿ ತಮ್ಮ ಹೊಲದ ಪಾಡನ್ನು ಹೇಳಿಕೊಳ್ಳುವಾಗ, ನಮ್ಮ ರೈತರು ದರದ ಮಾತನ್ನು ಕಿವಿಗೊಟ್ಟು ಕೇಳುವರು. ಹುಳದ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳುವದಿಲ್ಲ. ಈ ವರ್ಷದ ದರಕ್ಕಿಂತ ಬರುವ ವರ್ಷದ ಹುಳದ ಸುದ್ದಿಯು ಅವರಿಗೆ ಕಡಿಮೆ ಬೆಲೆಯದಲ್ಲ.

ಮೂರನೆಯದು ಹತ್ತಿ. 2002ರಲ್ಲಿ ನಮ್ಮ ದೇಶಕ್ಕೆ ಬಂದ ಬಿಟಿ ಹತ್ತಿಯು ಕಾಯಿಕೊರಕಗಳ ಚಿಂತೆಯನ್ನು ಕೆಲ ಕಾಲ ದೂರಮಾಡಿತು. ಆದರೆ ಗುಲಾಬಿ ಕಾಯಿಕೊರಕವು ಆ ಹತ್ತಿಯನ್ನು ತಿಂದು ಅರಗಿಸಿಕೊಳ್ಳುವ ಶಕ್ತಿಯನ್ನು ಪಡೆದಿರುವದೆಂದು 2010ರಲ್ಲಿ ಗುಜರಾಥದಿಂದ ವರದಿಯಾಯಿತು. ಮುಂದೆ ಎರಡನೆಯ ತರಗತಿಯ ಬಿಟಿ ಹತ್ತಿಗೂ ಅದು ಅಂಜದಾಯಿತು. ಈ ಹುಳವು ಎಳೆಗಾಯಿಯನ್ನು ಹೊಕ್ಕ ಬಳಿಕ ರಂಧ್ರವು ಮುಚ್ಚಿಹೋಗುವದರಿಂದ, ಹೊರಗೆ ಕಾಯಿಯು ಚೆನ್ನಾಗಿ ಕಂಡು ಒಳಗೆ ಅರಳೆಯು ಹಾಳಾಗಿರುವದು. ಇದನ್ನು ಕಣ್ಣಳತೆಯಿಂದ ತಿಳಿಯಲಾಗದು. ಎಕರೆಗೆ ಎರಡರಂತೆ ಮೋಹಕ ಬಲೆಗಳನ್ನು ಕಟ್ಟಿ, ಒಂದು ಬಲೆಯಲ್ಲಿ ರಾತ್ರಿಯೊಂದಕ್ಕೆ 8 ಪತಂಗಗಳಂತೆ ಮೂರು ರಾತ್ರಿ ಒಂದೇ ಸಮನೆ ಬಿದ್ದರೆ, ಇಲ್ಲವೆ ಬಿಡಿಸಿ ನೋಡಿದ ನೂರು ಎಳೆಗಾಯಿಗಳಲ್ಲಿ 10ರಲ್ಲಿ ಹುಳವಿದ್ದರೆ, ಉಪಾಯಕ್ಕೆ ತೊಡಗತಕ್ಕದ್ದು. ಇದಕ್ಕಿಂತಲೂ ದೊಡ್ಡ ಉಪಾಯವೆಂದರೆ ದಶಂಬರ ಮುಗಿಯುವದರೊಳಗಾಗಿ ಪೀಕನ್ನು ತೆಗೆದು, ಕಟ್ಟಿಗೆಯನ್ನು ಕಿತ್ತು ಇಲ್ಲದಂತೆ ಮಾಡುವದು. ಈ ಹುಳಕ್ಕೆ ಹತ್ತಿಯೇ ಮುಖ್ಯ ಆಹಾರ. ನಾಲ್ಕು ತಿಂಗಳು ಹತ್ತಿಯಿಲ್ಲದಿದ್ದರೆ ಅದರ ಸಂತತಿಯು ಕ್ಷೀಣಿಸುವದು. ಆದರೆ ಊರಿನಲ್ಲಿ ತೊಂಬತ್ತು ಮಂದಿ ಕಟ್ಟಿಗೆಯನ್ನು ತೆಗೆದು ಹತ್ತು ಮಂದಿ ಹಿತ್ತಲಲ್ಲಿ ಬಣವೆಯೊಟ್ಟಿದರೆ ತೊಂಬತ್ತು ಮಂದಿಯ ಶ್ರಮವು ಆ ಹತ್ತು ಬಣವೆಗಳಲ್ಲಿ ಹಾಳಾಗುವದು. ಇಲ್ಲಿ ಸುದ್ದಿಯೊಂದೇ ಸಾಲದು. ಸುದ್ದಿಯ ಹಿಂದೆ ಹಿರಿಯರ ಮಾತೂ ಬೇಕು.

ಊರು ಒಂದಾಗಿ ನಡೆಯಬೇಕೆಂಬುದು ಹೊಸ ಮಾತೇನೂ ಅಲ್ಲ. ಮೈಸೂರು ಸಂಸ್ಥಾನದ ಒಕ್ಕಲುತನದ ಖಾತೆಯಲ್ಲಿ ಕೆಲಸಮಾಡಿದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಕುನ್ಹಿ ಕಣ್ಣನ್ನರೊಡನೆ 1911ರಲ್ಲಿ ಜೋಳದ ಮಿಡತೆಯನ್ನು ಕುರಿತು ಒಂದು ಪತ್ರಿಕೆಯನ್ನು ಪ್ರಕಟಿಸಿದರು. ಆ ಮಿಡತೆಗೆ ಹಾರುವ ರೆಕ್ಕೆಗಳಿಲ್ಲ. ಅದು ನಡೆದೇ ಹೊಲದಿಂದ ಹೊಲಕ್ಕೆ ಹೋಗತಕ್ಕದ್ದು. ನಡೆದು ಬರುವ ಪೀಡೆಯನ್ನು ತಡೆಯುವದಕ್ಕೇ ನೆರೆಯವನ ಸಹಕಾರವು ಬೇಕಾಗುವಾಗ, ಹಾರಿ ಬರುವ ಇಂದಿನ ಪೀಡೆಗಳಿಗೆ ಅದು ಎಷ್ಟು ಬೇಕೆಂಬುದನ್ನು ಹೇಳಬೇಕಾಗಿಲ್ಲ. ಹಿಂಗಾರಿ ಜೋಳದ ಸುಳಿನೊಣದ ಮಾತೂ ಹೀಗೆಯೇ. ಊರವರೆಲ್ಲರೂ ಹದವನ್ನು ನೋಡಿ ಒಮ್ಮೆಲೆ ಬಿತ್ತಿದರೆ ನೊಣದ ಕಾಟವು ಹಂಚಿಹೋಗುವದು. ಹದಿನೈದು ದಿನ ತಡಮಾಡಿ ಬಿತ್ತಿದವನ ಮೊಳಕೆಯ ಮೇಲೆ, ಮುಂಚಿನ ಹೊಲಗಳಲ್ಲಿ ಹುಟ್ಟಿ ಬೆಳೆದ ನೊಣಗಳೆಲ್ಲವೂ ಬಂದೆರಗುವವು.

ಇದಕ್ಕೆ ಕೆಲವರು ಆಕ್ಷೇಪವೆತ್ತುವರು. "ಈಗ ಎಲ್ಲರ ಕೈಯಲ್ಲಿಯೂ ಫೋನು ಇರುವದು, ಸುದ್ದಿಗೆ ಕೊರತೆಯೇನು?" ಎಂಬುದು ಒಂದು ಆಕ್ಷೇಪ. ಸುದ್ದಿಗೆ ಕೊರತೆಯಿಲ್ಲವೆಂಬುದು ನಿಜವೇ. ಆದರೆ ಫೋನಿನಲ್ಲಿ ಬರುವ ಹುಳದ ಚಿತ್ರಕ್ಕೆ ಊರು ಇರುವದಿಲ್ಲ, ತಾರೀಖು ಇರುವದಿಲ್ಲ, ನೂರು ಗಿಡಕ್ಕೆ ಎಷ್ಟು ಎಂಬ ಲೆಕ್ಕವೂ ಇರುವದಿಲ್ಲ. ಎಲ್ಲಿಯದೋ ಯಾವಾಗಿನದೋ ಚಿತ್ರವನ್ನು ನೋಡಿ ತನ್ನ ಹೊಲವನ್ನು ನೋಡದೆ ಔಷಧ ಹೊಡೆಯುವವನಿಗೆ ಸುದ್ದಿಯಿಂದ ಲಾಭವಾಗದೆ ಹಾನಿಯೇ ಆಗುವದು. "ಸುದ್ದಿಯು ಹಬ್ಬಿದರೆ ಜನರು ಗಾಬರಿಗೊಂಡು ಇನ್ನಷ್ಟು ಔಷಧ ಹೊಡೆದಾರು" ಎಂಬುದು ಎರಡನೆಯ ಆಕ್ಷೇಪ. ಗಾಬರಿಯು ಹುಟ್ಟುವದು ಲೆಕ್ಕವಿಲ್ಲದ ಸುದ್ದಿಯಿಂದ. "ಸೈನಿಕ ಹುಳ ಬಂದಿದೆ" ಎಂದರೆ ಗಾಬರಿ; "ಹಳ್ಳದ ಮಗ್ಗುಲ ಹೊಲಗಳಲ್ಲಿ ನೂರಕ್ಕೆ ಎರಡು ಗಿಡ, ಹುಳ ಸಣ್ಣದು" ಎಂದರೆ ತಿಳುವಳಿಕೆ. ಗೋವಿನಜೋಳವು ಮೂರು ವಾರದ ಎಳೆಯ ಪೀಕಾಗಿರುವಾಗ ನೂರಕ್ಕೆ 5 ಗಿಡಗಳೂ, ಸುಳಿಯು ಬಲಿತ ಬಳಿಕ ನೂರಕ್ಕೆ 10 ಗಿಡಗಳೂ ಕೆಟ್ಟ ಹೊರತು ಔಷಧಕ್ಕೆ ಕೈಹಚ್ಚುವ ಕಾರಣವಿಲ್ಲವೆಂಬುದನ್ನು ಅರಿತವನು ಈ ಸುದ್ದಿಯನ್ನು ಕೇಳಿ ಅಂಗಡಿಗೆ ಓಡುವದಿಲ್ಲ, ಹೊಲಕ್ಕೆ ಹೋಗುವನು.

ಹಾಗಾದರೆ ಮಾಡತಕ್ಕದ್ದೇನು? ಪ್ರತಿ ಊರಿನಲ್ಲಿ ಪಂಚಾಯತಿಯ ಕಟ್ಟೆಯ ಮೇಲಾಗಲಿ, ಗುಡಿಯ ಮುಂದಾಗಲಿ, ಹಾಲಿನ ಸಂಘದ ಗೋಡೆಗಾಗಲಿ ಒಂದು ಕರಿಯ ಹಲಗೆಯನ್ನು ತೂಗಹಾಕಬೇಕು. ಅದರ ಮೇಲೆ ವಾರಕ್ಕೊಮ್ಮೆ ನಾಲ್ಕೇ ಸಂಗತಿಗಳನ್ನು ಬರೆಯತಕ್ಕದ್ದು: ನೋಡಿದ ತಾರೀಖು, ಪೀಕು ಮತ್ತು ಊರಿನ ಯಾವ ದಿಕ್ಕಿನ ಹೊಲಗಳು, ನೂರು ಗಿಡಗಳಲ್ಲಿ ಎಷ್ಟು ಕೆಟ್ಟಿವೆ, ಹುಳವು ಸಣ್ಣದೋ ದೊಡ್ಡದೋ. ಹೊಲದವನ ಹೆಸರನ್ನು ಎಂದಿಗೂ ಬರೆಯಕೂಡದು. ಈ ಒಂದು ನಿಯಮದಿಂದಲೇ ಮೊದಲು ಹೇಳಿದ ನಾಚಿಕೆ ಅಂಜಿಕೆಗಳ ಬೇರು ಸಡಿಲವಾಗುವದು. ನೋಡುವದಕ್ಕೆ ಊರಿನವರೇ ಇಬ್ಬರು ಸಾಕು. ಒಂದು ಹೊಲದಲ್ಲಿ ಐದು ಕಡೆಗೆ ನಿಂತು, ಒಂದೊಂದು ಕಡೆಗೆ ಇಪ್ಪತ್ತು ಗಿಡಗಳನ್ನು ನೋಡಿದರೆ ನೂರಾಯಿತು. ಲೆಕ್ಕವು ತಾನೇ ಕೈಗೆ ಬಂತು. ಆ ಇಬ್ಬರಲ್ಲಿ ಒಬ್ಬಳು ಕಳೆ ತೆಗೆಯುವ ಹೆಣ್ಣುಮಕ್ಕಳ ಗುಂಪಿನವಳಾಗಿರಲೆಂದು ನಮ್ಮ ಸೂಚನೆ. ಸಾಲುಸಾಲಾಗಿ ಬಗ್ಗಿ ಗಿಡದ ಬುಡದಲ್ಲಿ ದಿನವೆಲ್ಲ ಕಳೆಯುವವರ ಕಣ್ಣಿಗೆ ಬಿದ್ದಷ್ಟು ಹುಳವು ಬದುವಿನ ಮೇಲೆ ನಿಂತ ಒಡೆಯನ ಕಣ್ಣಿಗೆ ಬೀಳುವದಿಲ್ಲ. ಆದರೆ ಅವರನ್ನು ಕೇಳುವ ರೂಢಿಯು ನಮ್ಮಲ್ಲಿ ಇಲ್ಲ.

ಯಾವಾಗ ಏನನ್ನು ನೋಡಬೇಕೆಂಬುದಕ್ಕೆ ಮಳೆಯ ನಕ್ಷತ್ರಗಳೇ ಪಂಚಾಂಗವಾಗಲಿ. ಮಿರಗ ಆರಿದ್ರಾಗಳಲ್ಲಿ ಬಿತ್ತಿದ ಗೋವಿನಜೋಳವನ್ನು ಮೊಳೆತ ಹತ್ತನೆಯ ದಿವಸದಿಂದ, ಪುನರ್ವಸು ಪುಷ್ಯಗಳು ಮುಗಿಯುವ ವರೆಗೆ, ಸುಳಿಯ ಹುಳಕ್ಕಾಗಿ ನೋಡತಕ್ಕದ್ದು. ಮಳೆಯು ಕೈಕೊಟ್ಟು ಬಿಸಿಲು ಬಿದ್ದಾಗಲೆಲ್ಲ ಮೆಣಸಿನ ಎಲೆಯನ್ನು ತಿರುವಿ ಥ್ರಿಪ್ಸನ್ನು ಹುಡುಕಬೇಕು. ಹೂ ಬಿಟ್ಟ ಮೇಲೆ ಹೂವನ್ನು ಬಿಳಿಯ ಕಾಗದದ ಮೇಲೆ ಕೊಡವಿ ನೋಡಬೇಕು. ಹತ್ತಿಗೆ ಹೂ ಬರುವ ಮಘಾ ಹುಬ್ಬಾಗಳಲ್ಲಿ ಬಲೆಗಳನ್ನು ಕಟ್ಟಿ, ಹಸ್ತಾ ಚಿತ್ತಾ ಸ್ವಾತಿಗಳಲ್ಲಿ ಎಳೆಗಾಯಿಗಳನ್ನು ಬಿಡಿಸಿ ನೋಡಬೇಕು. ಹಿಂಗಾರಿ ಜೋಳದ ಮೊದಲಿನ ನಾಲ್ಕು ವಾರಗಳು ಸುಳಿನೊಣದ ಕಾಲ. ತೊಗರಿಯು ಹೂಗಾಯಿಯಲ್ಲಿರುವ ನವಂಬರ ದಶಂಬರಗಳು ಕಾಯಿಕೊರಕದ ಕಾಲ. ಇಷ್ಟನ್ನು ಹಲಗೆಯ ಮೂಲೆಯಲ್ಲಿ ಎಣ್ಣೆಬಣ್ಣದಿಂದ ಒಮ್ಮೆ ಬರೆಯಿಸಿಬಿಟ್ಟರೆ ವರುಷ ವರುಷವೂ ಉಪಯೋಗಕ್ಕೆ ಬರುವದು.

ಗುರುತು ಹತ್ತದ ಹುಳವನ್ನಾಗಲಿ ಎಲೆಯನ್ನಾಗಲಿ ಕಾಗದದಲ್ಲಿ ಸುತ್ತಿ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಕಳಿಸಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಬೆವತು ಕೊಳೆಯುವದು. ರಾಣೇಬೆನ್ನೂರ ತಾಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಹಾವೇರಿಯ ಸಮೀಪದ ದೇವಿಹೊಸೂರಿನಲ್ಲಿ ತೋಟಗಾರಿಕೆಯ ಸಂಶೋಧನ ಕೇಂದ್ರವಿದೆ. 2004ರಿಂದ ನಡೆದಿರುವ ಕಿಸಾನ್ ಕಾಲ್ ಸೆಂಟರಿನ 1800-180-1551 ಎಂಬ ಸಂಖ್ಯೆಗೆ ಖರ್ಚಿಲ್ಲದೆ ಕನ್ನಡದಲ್ಲಿಯೇ ಮಾತಾಡಬಹುದು. ಕೇಂದ್ರ ಸರಕಾರದವರು 2024ನೆಯ ಅಗಸ್ಟ 15ರಂದು ಆರಂಭಿಸಿದ ರಾಷ್ಟ್ರೀಯ ಪೀಡೆ ಕಾವಲು ವ್ಯವಸ್ಥೆಗೆ ಫೋನಿನಿಂದ ಹುಳದ ಚಿತ್ರವನ್ನು ಕಳಿಸುವ ಅನುಕೂಲವೂ ಇರುವದು. ಬಾಗಿಲುಗಳಿಗೆ ಕೊರತೆಯಿಲ್ಲ, ಬಡಿಯುವ ಕೈ ಬೇಕು. ಒಬ್ಬ ಇನ್ಸ್ಪೆಕ್ಟರನ ಪಾಲಿಗೆ ಬರುವ ಊರುಗಳೆಷ್ಟು, ಹೊಲಗಳೆಷ್ಟು ಎಂಬುದನ್ನು ಎಣಿಸಿದರೆ, ಊರಿನ ಕಣ್ಣುಗಳಿಲ್ಲದೆ ಖಾತೆಯ ಕಣ್ಣುಗಳಿಂದ ಆಗುವ ಕೆಲಸವು ಅತ್ಯಲ್ಪವೆಂದು ಯಾರಿಗಾದರೂ ಹೊಳೆಯುವದು. ಅದರಂತೆ ಊರಿನಿಂದ ಬಂದ ಮಾದರಿಗೆ ಎರಡು ದಿವಸಗಳಲ್ಲಿ ಉತ್ತರ ಕೊಡುವದು ಖಾತೆಯವರ ಧರ್ಮ. ಆ ಉತ್ತರವನ್ನು ಕೇಳುವ ಅಧಿಕಾರವು ಊರಿಗೆ ಇದೆ. ಬಾರದಿದ್ದರೆ ಹಿರಿಯರು ಮೇಲಿನವರಿಗೆ ಬರೆಯತಕ್ಕದ್ದು.

ಹೊಲದ ಒಡೆಯರಿಗೆ ಬೇರೆಯಾಗಿ ಎರಡು ಮಾತು. ಹೊಲವನ್ನು ಲಾವಣಿಗೆ ಕೊಟ್ಟು ತಾವು ಪೇಟೆಯಲ್ಲಿರುವವರು ಬಹು ಮಂದಿ ಇದ್ದಾರೆ. ಪಹಣಿಯು ಅವರ ಹೆಸರಿನಲ್ಲಿರುವದರಿಂದ ಖಾತೆಯ ಸೂಚನೆಗಳು ಅವರ ಫೋನಿಗೆ ಬರುವವು. ಹೊಲದಲ್ಲಿ ದುಡಿಯುವವನಿಗೆ ಬರುವದಿಲ್ಲ. ಓದಿ ಸುಮ್ಮನಿದ್ದರೆ ಆ ಸೂಚನೆಯು ಅಲ್ಲಿಗೇ ಸತ್ತಿತು. ಅದೇ ದಿವಸ ದುಡಿಯುವವನಿಗೆ ಅದನ್ನು ಮುಟ್ಟಿಸುವದು ಒಡೆಯನ ಕರ್ತವ್ಯವೂ ಹೌದು, ಲಾಭವೂ ಹೌದು. ಎರಡನೆಯದಾಗಿ, ಹುಳ ಬಿತ್ತೆಂದು ಮೊದಲು ಬಂದು ಹೇಳಿದ ಲಾವಣಿದಾರನನ್ನು ಬಯ್ಯಬಾರದು. ಒಮ್ಮೆ ಬಯ್ಯಿಸಿಕೊಂಡವನು ಎರಡನೆಯ ಸಲ ಹೇಳಲಾರನು. ಆ ಎರಡನೆಯ ಸಲವೇ ಪೀಕು ಹೋಗುವ ಸಲವಾಗಬಹುದು.

ಪೀಡೆಯನ್ನು ಘೋಷಿಸಿ, ನಿಗದಿಯಾದ ಪ್ರದೇಶದಲ್ಲಿ ಹೊಲದವರೆಲ್ಲರೂ ಇಂಥ ಉಪಾಯವನ್ನು ಮಾಡತಕ್ಕದ್ದೆಂದು ಆಜ್ಞಾಪಿಸುವ ಅಧಿಕಾರವನ್ನು 1968ರ ಕೃಷಿ ಪೀಡೆ ಮತ್ತು ರೋಗಗಳ ಕಾಯದೆಯು ನಮ್ಮ ಸರಕಾರಕ್ಕೆ ಕೊಟ್ಟಿರುವದು. ಆದರೆ ಕಾಯದೆಯ ಆಜ್ಞೆಯು ಹೊರಡುವಷ್ಟರಲ್ಲಿ ಪೀಡೆಯು ಎಲ್ಲ ಕಡೆಗೆ ಹಬ್ಬಿರುವದು ಸ್ವಾಭಾವಿಕ. ಕಾಯದೆಗಿಂತ ಮುಂಚಿತವಾಗಿ ಹೋಗಬಲ್ಲದ್ದು ಊರಿನ ಹಿರಿಯರ ಮಾತೊಂದೇ. ವಂಶಪರಂಪರೆಯ ಪಟೇಲಿಕೆಯು ಹೋಗಿ ಅರವತ್ತು ವರ್ಷಗಳು ಸಂದಿದ್ದರೂ ಗೌಡರ ಕಟ್ಟೆಯ ಮೇಲಿನ ಮಾತಿಗೂ, ಪಂಚಾಯತಿಯ ಅಧ್ಯಕ್ಷರ ಮಾತಿಗೂ ಊರಿನಲ್ಲಿ ಇನ್ನೂ ತೂಕವಿದೆ. ಆ ತೂಕವು ಜಗಳದ ತೀರ್ಮಾನಕ್ಕೂ ಜಾತ್ರೆಯ ಪಟ್ಟಿಗೂ ಉಪಯೋಗವಾಗುವಂತೆ ಪೀಕಿನ ರಕ್ಷಣೆಗೂ ಉಪಯೋಗವಾಗಲಿ.

ಮೊದಲನೆಯ ಹಲಗೆಯ ಮೇಲೆ ಮೊದಲನೆಯ ವಾರ ಯಾರೂ ಸುದ್ದಿ ಕೊಡಲಿಕ್ಕಿಲ್ಲ. ಆಗ ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಹಿಡುವಳಿಯುಳ್ಳವರು ತಮ್ಮ ಹೊಲದಲ್ಲಿಯೇ ನೂರು ಗಿಡಗಳನ್ನು ಎಣಿಸಿ, ಬಂದ ಲೆಕ್ಕವನ್ನು ತಮ್ಮ ಕೈಯಾರೆ ಬರೆಯಲಿ. ದೊಡ್ಡವರ ಹೊಲದಲ್ಲಿಯೂ ಹುಳ ಬೀಳುವದೆಂದು ಒಮ್ಮೆ ಹಲಗೆಯ ಮೇಲೆ ಕಂಡರೆ ಎರಡೆಕರೆಯವನ ನಾಚಿಕೆಯು ತಾನೇ ಹೋಗುವದು. ಹಲಗೆ, ಸುಣ್ಣದ ಕಡ್ಡಿ, ವಾರಕ್ಕೆ ಅರ್ಧ ದಿವಸದ ತಿರುಗಾಟ, ಇವಕ್ಕಿಂತ ಹೆಚ್ಚಿನ ವೆಚ್ಚವು ಈ ಕೆಲಸಕ್ಕೆ ಇಲ್ಲ. ಬರುವ ಮಿರಗದ ಮಳೆಗೆ ಮುಂಚೆ ಪ್ರತಿಯೊಂದು ಊರಿನವರು ಇದನ್ನು ಸಿದ್ಧಪಡಿಸಿಕೊಳ್ಳುವರೆಂದು ನಂಬಿರುವೆವು.